ನೆಲದೊಳಗಿನ ಕಬ್ಬಿಣದ ಗೋಡೆ

ಸಕಲೇಶಪುರದ ವನಗೂರಿನಂಥ ಮಲೆನಾಡಿನ ಊರುಗಳಲ್ಲಿ ಒರತೆಯ ಬಾಯಲ್ಲಿ ತುಕ್ಕಿನ ಬಣ್ಣದ ಕೆಸರು ಕೂತಿರುವುದನ್ನು ನೀವು ನೋಡಿರಬಹುದು. ನೀರಿನಲ್ಲಿ ಕರಗಿದ್ದ ಕಬ್ಬಿಣವು ಗಾಳಿಯ ಆಮ್ಲಜನಕ ತಗುಲಿದೊಡನೆ ತುಕ್ಕಾಗಿ ತಳ ಸೇರುತ್ತದೆ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದು ಕಬ್ಬಿಣದ ಸ್ವಭಾವ. ಸೇತುವೆ ಕಟ್ಟುವವರಿಗೆ ತಲೆನೋವಾದ ಇದೇ ಸ್ವಭಾವ, ಕೆಟ್ಟ ಅಂತರ್ಜಲವನ್ನು ಶುದ್ಧಿ ಮಾಡುವ ಉಪಾಯವಾಯಿತು.

1984ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ಲೆನ್ ರೆನಾಲ್ಡ್ಸ್, ಅಂತರ್ಜಲದ ಮಾದರಿ ತೆಗೆಯಲು ಯಾವ ವಸ್ತುವಿನ ಸಲಕರಣೆ ಯೋಗ್ಯವೆಂದು ಪರೀಕ್ಷಿಸುತ್ತಿದ್ದರು. ಪ್ಲಾಸ್ಟಿಕ್ಕು ನೀರಿನಲ್ಲಿದ್ದ ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಹೀರಿದರೆ ಆಶ್ಚರ್ಯವಿಲ್ಲ. ಆದರೆ ಲೋಹದ ಜೊತೆಗಿಟ್ಟ ನೀರಿನಲ್ಲೂ ಅವು ಕಡಿಮೆಯಾದವು! ಲೋಹ ಹೀರುವುದಿಲ್ಲವಲ್ಲ, ಮತ್ತೆ ಹೋದದ್ದೆಲ್ಲಿಗೆ? ಪ್ರಾಧ್ಯಾಪಕ ರಾಬರ್ಟ್ ಗಿಲ್‌ಹ್ಯಾಮ್ ಇದರ ಬೆಲೆ ಕಂಡು ಬೆನ್ನು ಹತ್ತುವಷ್ಟರಲ್ಲಿ ಕೆಲವು ವರ್ಷಗಳೇ ಕಳೆದಿದ್ದವು. (ಪ್ರಯೋಗಶಾಲೆಯಲ್ಲಿ 'ತಪ್ಪಾದ' ಅಂಕಿಗಳನ್ನು ಹೊಡೆದುಹಾಕುವ ಮುನ್ನ ಇದನ್ನು ನೆನೆಯಿರಿ.) ಲೋಹವು ದ್ರಾವಕದ ಅಣುವಿನಿಂದ ಕ್ಲೋರಿನ್ನನ್ನು ಕಳಚಿಹಾಕುತ್ತಿತ್ತು.

1991ರಲ್ಲಿ ಒಂಟಾರಿಯೊದ ಬೋರ್ಡನ್ ಸೇನಾನೆಲೆಯಲ್ಲಿ, ಮರಳಿನೊಂದಿಗೆ ಬೆರೆಸಿದ ಕಬ್ಬಿಣದ ಚೂರನ್ನು ಅಂತರ್ಜಲದ ಹಾದಿಗೆ ಅಡ್ಡಲಾಗಿ ಹೂಳಿದರು. ಗೋಡೆ ಎಂದರೂ ಇದು ನೀರನ್ನು ತಡೆಯುವುದಿಲ್ಲ. ಡಿಕಾಕ್ಷನ್ ಸೋಸುವ ಬಟ್ಟೆಯಂತೆ ಹಾಯಲು ಬಿಡುತ್ತದೆ. ನೀರು ತಾನಾಗಿಯೇ ಹರಿಯುವುದರಿಂದ ಪಂಪು ಬೇಡ, ವಿದ್ಯುತ್ತೂ ಬೇಡ. 1996ರಲ್ಲಿ ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ ಇಂಥದೇ 46 ಮೀಟರ್ ಉದ್ದದ, ಸುಮಾರು 7 ಮೀಟರ್ ಆಳದ ಗೋಡೆ ಬಂತು. ಅಲ್ಲಿ ದ್ರಾವಕಗಳ ಜೊತೆಗೆ, ಲೋಹಲೇಪನ ಕಾರ್ಯಾಗಾರದಿಂದ ಸೋರಿದ ಕ್ರೋಮಿಯಂ ಕೂಡ ಇತ್ತು. ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗಿ ಓಡಾಡುವ ವಿಷ. ಕಬ್ಬಿಣದಿಂದ ಎಲೆಕ್ಟ್ರಾನು ಪಡೆದು ಮೂರು ವೇಲೆನ್ಸಿಗೆ ಇಳಿದರೆ, ಕರಗದ ಹೈಡ್ರಾಕ್ಸೈಡಾಗಿ ಅಲ್ಲೇ ಕೂರುತ್ತದೆ.

ಇದೇ ಕ್ರೋಮಿಯಂ ನಮ್ಮ ಬೆಂಗಳೂರಿನ ಪೀಣ್ಯದಲ್ಲೂ ಉಂಟು. ಲೋಹಲೇಪನದ ಅನೇಕ ಸಣ್ಣ ಘಟಕಗಳಿರುವ ಆ ಪ್ರದೇಶದ ಹಲವು ಕೊಳವೆಬಾವಿಗಳಲ್ಲಿ ಅದು ಕುಡಿಯುವ ನೀರಿನ ಭಾರತೀಯ ಮಿತಿಯಾದ ಲೀಟರಿಗೆ 0.05 ಮಿಲಿಗ್ರಾಂ ಅನ್ನು ಮೀರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಾಗಾದರೆ ಅಲ್ಲೊಂದು ಗೋಡೆ ಕಟ್ಟಿಬಿಡೋಣ ಎನ್ನುವಿರಾ? ಬೋರ್ಡನ್ನಿನದು ಮರಳು ನೆಲ, ನೀರಿನ ಹಾದಿ ಸರಳ. ಪೀಣ್ಯದ ಅಡಿಯಲ್ಲಿರುವುದು ಗಟ್ಟಿಯಾದ ನೈಸ್ ಶಿಲೆ. ಮೇಲಿನ ಶಿಥಿಲ ಪದರದ ನೀರಿಗೆ ಕಂದಕ ತೋಡಿ ಕಬ್ಬಿಣ ತುಂಬಬಹುದು. ಆದರೆ ಕೊಳವೆಬಾವಿಗಳು ಎಳೆಯುವುದು ಅದಕ್ಕಿಂತ ಬಹಳ ಕೆಳಗಿನ ಬಿರುಕುಗಳ ನೀರನ್ನು. ಅದೂ ಅಲ್ಲದೆ, ಪ್ರತಿ ಪಂಪು ಚಾಲೂ ಆದಾಗಲೂ ಆ ಹರಿವಿನ ದಿಕ್ಕು ಬದಲಾಗಬಹುದು.