ಬಿಷಪ್ಪರಿಗಾಗಿ ಕಾದ ಚರ್ಚು

ಠಾಣೆ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದು ಸೆಂಟ್ರಲ್ ಜೈಲಿನ ಕಡೆಗೆ ಹೋಗುವವರಿಗೆ ಸಾಮಾನ್ಯವಾಗಿ ಕೋರ್ಟಿನ ಕೆಲಸವೋ ಕಲೆಕ್ಟರ್ ಕಚೇರಿಯ ಕೆಲಸವೋ ಇರುತ್ತದೆ. ಅದೇ ಆಸುಪಾಸಿನಲ್ಲಿರುವ ಸೇಂಟ್ ಜೇಮ್ಸ್ ಚರ್ಚನ್ನು ನೋಡಲೆಂದೇ ಹೋಗುವವರು ಕಡಿಮೆ. ಮಾಸುಂದಾ ಕೆರೆಯ ಪಕ್ಕದ ಸೇಂಟ್ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿಯಾದರೆ ಊರಿಗೆಲ್ಲ ಗೊತ್ತು. ಅದು ಕೆಥೊಲಿಕರದು, ಪೋರ್ಚುಗೀಸರ ಕಾಲದ ಬೇರಿನದು. ಸೇಂಟ್ ಜೇಮ್ಸ್ ಆಂಗ್ಲಿಕನ್ನರದು, ಕಂಪನಿ ಸರಕಾರದ ಕಾಲದ್ದು. ಸಾವಿರಾರು ಕನ್ನಡಿಗರು ಮನೆ ಮಾಡಿಕೊಂಡಿರುವ ಈ ಠಾಣೆ, ಡೊಂಬಿವಲಿ, ಕಲ್ಯಾಣ್ ಪಟ್ಟಿಯ ಚರಿತ್ರೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ಚಿಕ್ಕ ಚರ್ಚೇ. ಕಾರಣ ಅದರ ಕಟ್ಟಡವಲ್ಲ, ಅದನ್ನು ಪ್ರತಿಷ್ಠೆ ಮಾಡಲು ಬಂದ ಮನುಷ್ಯ.

ಆಂಗ್ಲಿಕನ್ ಸಭೆ ಬಿಷಪ್ಪರನ್ನು ಕೇಂದ್ರದಲ್ಲಿಟ್ಟ ಸಭೆ. ಚರ್ಚನ್ನು ಯಾರು ಬೇಕಾದರೂ ಕಟ್ಟಿಸಬಹುದು, ಪಾದ್ರಿ ಅಲ್ಲಿ ಪ್ರಾರ್ಥನೆಯನ್ನೂ ನಡೆಸಬಹುದು. ಆದರೆ ಅದನ್ನು ವಿಧ್ಯುಕ್ತವಾಗಿ ದೇವರಿಗೆ ಒಪ್ಪಿಸುವ ಅಧಿಕಾರ ಬಿಷಪ್ಪರೊಬ್ಬರಿಗೇ. ಇಂಗ್ಲಿಷರು ಹಿಂದೂಸ್ತಾನಕ್ಕೆ ಬಂದು ಇನ್ನೂರು ವರ್ಷ ಕಳೆದರೂ ಇಲ್ಲೊಬ್ಬ ಬಿಷಪ್ ಇರಲಿಲ್ಲ. ವ್ಯಾಪಾರ ಕೆಡುತ್ತದೆಂದು ಕಂಪನಿಗೆ ಅಂಜಿಕೆ. ಮುಂಬಯಿ ಕೋಟೆಯೊಳಗಿನ ಸೇಂಟ್ ಥಾಮಸ್ ಚರ್ಚಿನ ಬಾಗಿಲು ತೆರೆದದ್ದು 1718ರ ಕ್ರಿಸ್ಮಸ್ಸಿಗೆ. ಅದರ ಪ್ರತಿಷ್ಠೆಯಾದದ್ದು 1816ರಲ್ಲಿ! ಹತ್ತಿರ ಹತ್ತಿರ ನೂರು ವರ್ಷ ಆ ಚರ್ಚಿನಲ್ಲಿ ಮದುವೆ, ನಾಮಕರಣ, ಶವಸಂಸ್ಕಾರ ಎಲ್ಲ ನಡೆದವು, ಪ್ರತಿಷ್ಠೆಯೊಂದು ಬಿಟ್ಟು. 1814ರಲ್ಲಿ ಕಲ್ಕತ್ತೆಯ ಬಿಷಪ್ ಪೀಠ ಹುಟ್ಟಿ, ಮೊದಲ ಬಿಷಪ್ ಥಾಮಸ್ ಮಿಡಲ್ಟನ್ ಪ್ರವಾಸ ಹೊರಟಾಗಲೇ ಅದಕ್ಕೆ ಮುಹೂರ್ತ ಕೂಡಿಬಂದದ್ದು. 1812ರಲ್ಲೇ ಮುಗಿದಿದ್ದ ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚಿನ ಪ್ರತಿಷ್ಠೆಯಾದದ್ದೂ ಅದೇ 1816ರಲ್ಲಿ, ಅದೇ ಮಿಡಲ್ಟನ್ನರ ಕೈಯಿಂದ.

ಮಿಡಲ್ಟನ್ 1822ರಲ್ಲಿ ತೀರಿಕೊಂಡರು. ಮರುವರ್ಷ ಬಂದ ರೆಜಿನಾಲ್ಡ್ ಹೀಬರ್ ಕವಿ. ಇಂದಿಗೂ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ದೇಶಭಾಷೆಗಳಿಗೆಲ್ಲ ಇಳಿದು ಹಾಡಲಾಗುವ ತ್ರಯೈಕ್ಯ ಕೀರ್ತನೆ ಅವರದೇ. ಅವರ ಪಾಲಿಗೆ ಬಂದ ಧರ್ಮಪ್ರಾಂತ್ಯವೆಂದರೆ ಕಂಪನಿಯ ಇಡೀ ಹಿಂದೂಸ್ತಾನ, ಮೇಲೆ ಸಿಂಹಳ; 1824ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸನ್ನೂ ಅದಕ್ಕೇ ಸೇರಿಸಿದರು. ಯಾವ ನಕಾಶೆಯನ್ನು ನೋಡಿ ಯಾರು ಮಾಡಿದ ತೀರ್ಮಾನವೋ! 1824ರ ಜೂನಿನಲ್ಲಿ ಹೀಬರ್ ಕಲ್ಕತ್ತೆಯಿಂದ ಗಂಗೆಯಲ್ಲಿ ದೋಣಿ ಹತ್ತಿದರು. ಉತ್ತರ ಹಿಂದೂಸ್ತಾನ, ರಾಜಸ್ಥಾನ, ಗುಜರಾತು ಸುತ್ತಿ ಮುಂಬಯಿ ಮುಟ್ಟುವಾಗ 1825ರ ಏಪ್ರಿಲ್. ಆ ಮಳೆಗಾಲದಲ್ಲಿ ಅವರು ಠಾಣೆಯ ಹೊಸ ಚರ್ಚನ್ನು ಪ್ರತಿಷ್ಠಿಸಿದರು. ಆಗಸ್ಟಿನಲ್ಲಿ ಸಿಂಹಳಕ್ಕೆ ಹೊರಟವರು ಮತ್ತೆ ಈ ಕಡೆ ಬರಲಿಲ್ಲ. 1826ರ ಏಪ್ರಿಲ್ 3ರಂದು ತಿರುಚಿರಾಪಳ್ಳಿಯಲ್ಲಿ ಸ್ನಾನದ ಕೊಳಕ್ಕಿಳಿದಿದ್ದಾಗಲೇ ಅವರ ಜೀವ ಹೋಯಿತು. ವಯಸ್ಸು 42. ಠಾಣೆಯವರ ಅದೃಷ್ಟ ಚೆನ್ನಾಗಿತ್ತೆನ್ನಬೇಕು.

ಹೀಬರ್ ಕಂಡ ಠಾಣೆ ಎಂಥ ಊರು? ಅಚ್ಚುಕಟ್ಟಾದ ಊರು, ಜನರಲ್ಲಿ ಬಹುಪಾಲು ರೋಮನ್ ಕೆಥೊಲಿಕರು, ಅವರು ಸಾಕುವ ಹಂದಿಗೂ ಉಪ್ಪು ಹಾಕಿ ಹದ ಮಾಡುವ ಮಾಂಸಕ್ಕೂ ಹೆಸರುವಾಸಿ ಎಂದು ಅವರು ಬರೆದಿಟ್ಟಿದ್ದಾರೆ. ಪೋರ್ಚುಗೀಸರು ಹೋಗಿ ಆಗ ಎಂಬತ್ತೆಂಟು ವರ್ಷ. 1737ರಲ್ಲಿ ಚಿಮಾಜಿ ಅಪ್ಪಾನ ಮರಾಠಾ ಸೈನ್ಯ ಠಾಣೆಯನ್ನು ಹಿಡಿಯಿತು. ಪೋರ್ಚುಗೀಸರು ಅರ್ಧಕ್ಕೆ ಬಿಟ್ಟುಹೋಗಿದ್ದ ಕೋಟೆಯನ್ನು ಮುಗಿಸಿದವರು ಮರಾಠರೇ. 1774ರ ಡಿಸೆಂಬರಿನ ಕೊನೆಗೆ ಇಂಗ್ಲಿಷರು ಮುತ್ತಿಗೆ ಹಾಕಿ ಅದನ್ನು ಕಿತ್ತುಕೊಂಡರು, 1782ರ ಸಾಲ್ಬಾಯಿ ಒಪ್ಪಂದ ಅದನ್ನು ಅವರಿಗೇ ಖಾಯಂ ಮಾಡಿತು. ಆಮೇಲೆ ಕಲೆಕ್ಟರ್, ಜಡ್ಜಿ, ಕೋಟೆಯ ಪಡೆ ಎಂದು ಇಂಗ್ಲಿಷರ ಸಂಸಾರಗಳು ಬಂದು ನೆಲೆಸಿದವು. ಸೇಂಟ್ ಜೇಮ್ಸ್ ಹುಟ್ಟಿದ್ದು ಅವರಿಗಾಗಿ. ಮತ ಹರಡಲು ಕಟ್ಟಿದ ಚರ್ಚಲ್ಲ ಅದು, ಸರಕಾರಿ ನೌಕರರ ಭಾನುವಾರಕ್ಕೆ ಕಟ್ಟಿದ್ದು.

ಈ ಕೋಟೆಯ ಹೆಸರು ಹೀಬರರಿಗೆ ಹೊಸದಲ್ಲ. ಪೇಶ್ವೆ ಎರಡನೆಯ ಬಾಜಿರಾಯನ ಬಂಟ ತ್ರಿಂಬಕಜಿ ಡೆಂಗಳೆಯನ್ನು, ಪಂಢರಪುರದಲ್ಲಾದ ಗಂಗಾಧರ ಶಾಸ್ತ್ರಿಯ ಕೊಲೆಯ ಆರೋಪದ ಮೇಲೆ, 1815ರಲ್ಲಿ ಇಲ್ಲಿ ಕೂಡಿಹಾಕಿದ್ದರು. ಕಾವಲಿಗೆ ಬಿಳಿಯ ಸಿಪಾಯಿಗಳೇ ಬೇಕೆಂದು ಹಟ ಹಿಡಿದು ಹಾಕಿಕೊಂಡಿದ್ದರು. ಅವರಿಗೆ ಮರಾಠಿ ಬಾರದು. ಸಾಹೇಬನೊಬ್ಬನ ಕುದುರೆ ನೋಡಿಕೊಳ್ಳುವವನು ಕಿಟಕಿಯ ಕೆಳಗೆ ಅದರ ಮೈ ತಿಕ್ಕುತ್ತ ಲಾವಣಿ ಹಾಡುತ್ತಿದ್ದನಂತೆ. ಎಲ್ಲಿ ಕುದುರೆ ನಿಂತಿದೆ, ಎಲ್ಲಿ ಜನ ಅಡಗಿದ್ದಾರೆ ಎಂಬುದೆಲ್ಲ ಆ ಹಾಡಿನೊಳಗೆ. 1816ರ ಸೆಪ್ಟೆಂಬರ್ 12ರ ಮಳೆಯ ರಾತ್ರಿ ತ್ರಿಂಬಕಜಿ ಪರಾರಿ. ಮತ್ತೆ ಸಿಕ್ಕಿಬಿದ್ದು ಕಾಶಿಯ ಹತ್ತಿರದ ಚುನಾರ್ ಕೋಟೆಗೆ ಹೋದ ಅವನನ್ನು 1824ರಲ್ಲಿ ಹೀಬರ್ ಕಣ್ಣಾರೆ ಕಂಡು, ಈ ಕಥೆಯನ್ನು ದಿನಚರಿಯಲ್ಲಿ ಬರೆದುಕೊಂಡರು. ವರ್ಷ ತುಂಬುವುದರೊಳಗೆ ಅವನು ತಪ್ಪಿಸಿಕೊಂಡ ಕೋಟೆಯ ಊರಿಗೇ ಬಂದರು. ಅದೇ ಕೋಟೆ ಇಂದಿನ ಸೆಂಟ್ರಲ್ ಜೈಲು. ನಾಸಿಕದ ಕಲೆಕ್ಟರ್ ಜಾಕ್ಸನ್ನನ ಹತ್ಯೆಗಾಗಿ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆಯವರನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಅಲ್ಲಿಯೇ.

ಇನ್ನು ಕಟ್ಟಡದ ಮಾತು. ಪೋರ್ಚುಗೀಸ್ ಪರಂಪರೆಯ ಇಗರ್ಜಿ ಮುಖದಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. ಹಿಂದಿನ ಮಾಡಿಗಿಂತ ಎತ್ತರ ಎದ್ದು ನಿಂತ ಮುಂಗೋಡೆ, ಒಳಗೆ ಉದ್ದನೆಯ ಅಂಕಣ, ತುದಿಯಲ್ಲಿ ಮರದಲ್ಲಿ ಕೆತ್ತಿ ಚಿನ್ನದ ಬಣ್ಣ ಬಳಿದ ಪೀಠ, ಗೂಡುಗೂಡಿನಲ್ಲಿ ಸಂತರು. ನಮ್ಮ ಕರಾವಳಿಯವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕಂಪನಿ ಕಾಲದ ಆಂಗ್ಲಿಕನ್ ಚರ್ಚು ಇದಕ್ಕೆ ತದ್ವಿರುದ್ಧ. ಅಲ್ಲಿ ನೋಡುವುದಕ್ಕಿಂತ ಕೇಳುವುದು ಮುಖ್ಯ. ಪ್ರಸಂಗದ ಕಟ್ಟೆ, ಸಾಲು ಬೆಂಚು, ದೊಡ್ಡ ಕಿಟಕಿ, ಬಿಳಿ ಗೋಡೆ. ಅಲಂಕಾರವೆಂದರೆ ಗೋಡೆಗೆ ಹೊಂದಿಸಿದ ಸ್ಮಾರಕ ಶಿಲೆಗಳು. ಮುಂಬಯಿಯ ಸೇಂಟ್ ಥಾಮಸ್ಸಿನಲ್ಲಿ ಇವನ್ನು ಓದುತ್ತ ಹೋದರೆ ಯುದ್ಧದಲ್ಲಿ ಸತ್ತವರಿಗಿಂತ ಜ್ವರದಲ್ಲಿ, ಹಡಗಿನಲ್ಲಿ ಸತ್ತವರೇ ಹೆಚ್ಚೇನೋ ಎನ್ನಿಸುತ್ತದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಲಂಡನ್ನಿನ ಸೇಂಟ್ ಪಾಲ್ಸನ್ನು ನೆನೆದು ಗುಮ್ಮಟ ಏರಿಸಿಕೊಂಡಿತು, ಕೊಲಾಬಾದ ಅಫ್ಘನ್ ಚರ್ಚು ದೂರದ ಹಡಗಿಗೂ ಕಾಣುವ ಶಿಖರ ಎತ್ತಿತು. ಜಿಲ್ಲಾ ಕೇಂದ್ರದ ಚರ್ಚಿಗೆ ಆ ಹಮ್ಮು ಬೇಕಿರಲಿಲ್ಲ. ಬೇಕೆನ್ನಿಸಿದ್ದರೂ ದುಡ್ಡು ಕೊಡುವವರು ಯಾರು?

1837ರಲ್ಲಿ ಮುಂಬಯಿಗೇ ಬಿಷಪ್ ಪೀಠ ಬಂದು ಥಾಮಸ್ ಕಾರ್ ಮೊದಲ ಬಿಷಪ್ ಆದರು, ಸೇಂಟ್ ಥಾಮಸ್ ಕೆಥೆಡ್ರಲ್ ಆಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಬಂದ ಮೇಲೆ ಬಿಷಪ್ಪರಿಗಾಗಿ ವರ್ಷಗಟ್ಟಲೆ ಕಾಯುವ ಪ್ರಶ್ನೆಯೇ ಉಳಿಯಲಿಲ್ಲ. 1970ರಲ್ಲಿ ಉತ್ತರದ ಆಂಗ್ಲಿಕನ್ನರು ಬೇರೆ ಕೆಲವು ಸಭೆಗಳೊಡನೆ ಕೂಡಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆದರು. ಸೇಂಟ್ ಜೇಮ್ಸ್ ಕೂಡ ಅದರೊಳಗೆ ಬಂತು.

ಹೀಬರ್ ಬರುವುದಕ್ಕೆ ಐನೂರು ವರ್ಷ ಮೊದಲೇ ಈ ಊರು ಬಿಷಪ್ಪರ ಚರಿತ್ರೆಯಲ್ಲಿ ಒಮ್ಮೆ ಇಣುಕಿದೆ. 1321ರಲ್ಲಿ ಕೊಲ್ಲಂಗೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಠಾಣೆಯಲ್ಲಿ ಇಳಿದು, ಇಲ್ಲಿದ್ದ ನೆಸ್ಟೋರಿಯನ್ ಕ್ರೈಸ್ತರೊಬ್ಬರ ಮನೆಯಲ್ಲಿ ತಂಗಿದರು. ಆ ಮನೆಯ ಗಂಡಹೆಂಡಿರ ಜಗಳ ಕಾಜಿಯ ಮುಂದೆ ಹೋಯಿತು. ಸಾಕ್ಷಿಗೆ ಕರೆದ ಸನ್ಯಾಸಿಗಳೊಡನೆ ಮಾತು ಧರ್ಮವಾದಕ್ಕೆ ತಿರುಗಿ, ನಾಲ್ವರೂ ಪ್ರಾಣ ಕಳೆದುಕೊಂಡರು. ಬೇರೆಡೆ ಹೋಗಿದ್ದರಿಂದ ಉಳಿದುಕೊಂಡ ಜೊತೆಗಾರ ಜೋರ್ಡಾನ್ ಅವರ ದೇಹಗಳನ್ನು ಸೋಪಾರಾದಲ್ಲಿ ಮಣ್ಣು ಮಾಡಿದ. ಮುಂದೆ 1329ರಲ್ಲಿ ಪೋಪ್ ಅವನನ್ನು ಕೊಲ್ಲಂನ ಬಿಷಪ್ಪನನ್ನಾಗಿ ನೇಮಿಸಿದರು.

ಅದಕ್ಕೂ ಹಿಂದಿನದು ಕಲ್ಯಾಣದ ಸುದ್ದಿ. ಆರನೆಯ ಶತಮಾನದ ನಡುಭಾಗದಲ್ಲಿ ಅಲೆಗ್ಸಾಂಡ್ರಿಯದ ವರ್ತಕ ಕಾಸ್ಮಾಸ್, ಕಲ್ಲಿಯಾನಾ ಎಂಬ ಬಂದರಿನಲ್ಲಿ ಪರ್ಷಿಯದಿಂದ ನೇಮಕವಾಗಿ ಬರುವ ಬಿಷಪ್ ಇದ್ದಾನೆಂದು ಬರೆದ. ಎಲ್ಲಿಯದು ಈ ಕಲ್ಲಿಯಾನಾ? ಉಲ್ಹಾಸ್ ನದಿಯ ದಂಡೆಯ ಕಲ್ಯಾಣ್ ಎನ್ನುವವರೇ ಹೆಚ್ಚು. ಅಲ್ಲ, ಅದು ಉಡುಪಿಯ ಹತ್ತಿರ ಸ್ವರ್ಣಾ ನದಿಯ ಮೇಲಿನ ಕಲ್ಯಾಣಪುರ ಎಂಬ ವಾದವೂ ಹಳೆಯದೇ. ಆ ಬಂದರಿನಿಂದ ತಾಮ್ರ, ಮರ, ಬಟ್ಟೆ ಹೋಗುತ್ತಿದ್ದುವೆಂದು ಕಾಸ್ಮಾಸ್ ಹೇಳುವುದರಿಂದ ನನ್ನ ಮತ ಕಲ್ಯಾಣಿಗೇ. ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದವರು ಬೇಕಾದರೆ ಎರಡೂ ಕಡೆ ವಾದಿಸಬಹುದು.

ವಿಚಿತ್ರವೆಂದರೆ ಈಚೆಗೆ ಎರಡೂ ಊರಿಗೆ ಬಿಷಪ್ಪರು ಬಂದಿದ್ದಾರೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವಾದಾಗ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಕೆಥೆಡ್ರಲ್ ಆಯಿತು. ಅದಕ್ಕೂ ಮುಂಚೆ, 1988ರಲ್ಲಿ, ಇಲ್ಲಿ ನೆಲೆಸಿದ ಕೇರಳದ ಸಿರೋ ಮಲಬಾರ್ ಕೆಥೊಲಿಕರಿಗಾಗಿ ಕಲ್ಯಾಣ್ ಧರ್ಮಪ್ರಾಂತ್ಯವಾಯಿತು. ಅವರ ಪೂಜಾವಿಧಿ ಕಾಸ್ಮಾಸ್ ಹೇಳಿದ ಆ ಪರ್ಷಿಯದ ಸಭೆಯ ಸಿರಿಯಾಕ್ ಪರಂಪರೆಯದೇ. ಕೆಥೆಡ್ರಲ್ ಇರುವುದು ಕಲ್ಯಾಣಿನಲ್ಲಿ, ಬಿಷಪ್ಪರ ಮನೆ ಮಾತ್ರ ಮುಂಬಯಿಯ ಪವಾಯಿಯಲ್ಲಿ.