ಮಧುಮೇಹ ಮತ್ತು ಹೃದಯ: ಒಂದು ಚಾರಿತ್ರಿಕ ಟಿಪ್ಪಣಿ

೧೯೨೨ರಲ್ಲಿ ಟೊರಾಂಟೋ ನಗರದಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾದೊಡನೆ ಮಧುಮೇಹದ ಚರಿತ್ರೆ ಮುಗಿಯಿತೆಂದು ಬಗೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದುವರೆಗೆ ಮೂರ್ಛೆಯಿಂದ ಬೇಗನೆ ಮಡಿಯುತ್ತಿದ್ದವರು ಬಹುಕಾಲ ಬದುಕಿದರು. ಬದುಕಿದುದರಿಂದಲೇ ಹೃದ್ರೋಗಕ್ಕೆ ತುತ್ತಾದರು. ರಕ್ತನಾಳಗಳು ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣವೆಂದು ತಿಳಿಯಲಾಗಿದ್ದಿತು. ಆದರೆ ೧೯೭೨ರಲ್ಲಿ ರೂಬ್ಲರ್ ಮತ್ತು ಸಂಗಡಿಗರು ವರ್ಣಿಸಿದ ನಾಲ್ವರು ಮಧುಮೇಹಿಗಳಲ್ಲಿ ಹೃದಯ ಸೋತಿದ್ದರೂ ನಾಳಗಳಲ್ಲಿ ಗಣನೀಯ ಅಡಚಣೆಯಿರಲಿಲ್ಲ. ದೋಷವು ಹೃದಯದ ಸ್ನಾಯುವಿನಲ್ಲಿಯೇ ಇದ್ದಿತು. ೧೯೭೪ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘ ಸಮೀಕ್ಷೆಯು, ಹೃದಯ ಸೋಲುವ ಸಂಭವ ಮಧುಮೇಹಿ ಪುರುಷರಲ್ಲಿ ಎರಡು ಪಟ್ಟಿಗೂ ಅಧಿಕ, ಸ್ತ್ರೀಯರಲ್ಲಿ ಐದು ಪಟ್ಟು ಎಂದು ತೋರಿಸಿತು. ಈ ಎರಡನೆಯ ಅಂಕಿಯನ್ನು ಲಘುವಾಗಿ ದಾಟಿಹೋಗುವುದು ನಮಗೆ ಒಪ್ಪಿಗೆಯಿಲ್ಲ. ೧೯೮೮ರಲ್ಲಿ ರೀವನ್ ಅವರು ಇನ್ಸುಲಿನ್ನಿಗೆ ದೇಹ ತೋರುವ ಪ್ರತಿರೋಧ, ರಕ್ತದೊತ್ತಡ, ರಕ್ತದ ಕೊಬ್ಬಿನ ಏರುಪೇರುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದರು. ವಿಚಿತ್ರವೆಂದರೆ, ಬೊಜ್ಜನ್ನು ಆಗ ಅವರು ಆ ಲಕ್ಷಣಕೂಟದಲ್ಲಿ ಸೇರಿಸಿರಲಿಲ್ಲ.