ಸಾವಿನ ಲೆಕ್ಕ, ಸೂಚ್ಯಂಕದ ಲೆಕ್ಕ

ಮಹಾಮಾರಿ ಬಂದರೆ ಷೇರುಪೇಟೆ ನೆಲ ಕಚ್ಚುತ್ತದೆ ಎಂಬುದು 2020ರ ಅನುಭವದಿಂದ ನಮ್ಮಲ್ಲಿ ಬೇರೂರಿದ ನಂಬಿಕೆ. ಆದರೆ ಇತಿಹಾಸ ಈ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ.

1918ರ ಇನ್‌ಫ್ಲುಯೆಂಜಾ ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಭಾರತವೊಂದರಲ್ಲೇ ಸತ್ತವರು ಒಂದು ಕೋಟಿಗೂ ಅಧಿಕ. ಅಮೆರಿಕದಲ್ಲಿ ಆ ವರ್ಷದ ಅಕ್ಟೋಬರ್ ತಿಂಗಳಂತೂ ಅತ್ಯಂತ ಭೀಕರವಾಗಿತ್ತು. ಆದರೂ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ಆ ವರ್ಷ ಸುಮಾರು ಶೇ. 10ರಷ್ಟು ಏರಿತು! ಪೇಟೆಯ ಕಣ್ಣು ನೆಟ್ಟಿದ್ದುದು ಯುದ್ಧದ ಮೇಲೆ. ಅನೇಕ ನಗರಗಳಲ್ಲಿ ಶಾಲೆ, ಚಿತ್ರಮಂದಿರಗಳು ಮುಚ್ಚಿದವು. ಕಾರ್ಖಾನೆಗಳು ಮಾತ್ರ ಬಹುಪಾಲು ನಡೆಯುತ್ತಲೇ ಇದ್ದವು.

ನೂರೆರಡು ವರ್ಷಗಳ ಬಳಿಕ ಚಿತ್ರ ಬದಲಾಗಿತ್ತು. 2020ರ ಫೆಬ್ರವರಿ 3ರಂದು, ದೀರ್ಘ ರಜೆಯ ನಂತರ ತೆರೆದ ಶಾಂಘೈ ಪೇಟೆ ಒಂದೇ ದಿನದಲ್ಲಿ ಶೇ. 7ಕ್ಕಿಂತಲೂ ಹೆಚ್ಚು ಕುಸಿಯಿತು. ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ಮತ್ತು ರಷ್ಯಾಗಳ ತೈಲ ಬೆಲೆ ಸಮರವೂ ಸೇರಿಕೊಂಡಿತು. ಮಾರ್ಚ್ 16ರಂದು ಡೌ ಜೋನ್ಸ್ ಸುಮಾರು ಶೇ. 13ರಷ್ಟು ಬಿತ್ತು. ಮರುದಿನ ಫಿಲಿಪ್ಪೀನ್ಸ್ ತನ್ನ ಪೇಟೆಯ ಬಾಗಿಲನ್ನೇ ಮುಚ್ಚಿತು. ಮಾರ್ಚ್ 23ರಂದು ಮುಂಬೈಯಲ್ಲಿ 45 ನಿಮಿಷ ವಹಿವಾಟು ನಿಲ್ಲಿಸಿದರೂ ಸೆನ್ಸೆಕ್ಸ್ 3,934 ಅಂಶಗಳಷ್ಟು, ಅಂದರೆ ಶೇ. 13ರಷ್ಟು ಕುಸಿಯಿತು.

ಇಂತಹ ಕುಸಿತಕ್ಕೆ ರೋಗವೊಂದೇ ಕಾರಣವಲ್ಲ. ಈ ಬಾರಿ ದೇಶದೇಶಗಳ ವ್ಯಾಪಾರವೇ ಏಕಕಾಲಕ್ಕೆ ಸ್ತಬ್ಧವಾಯಿತು. ಸಾಲ ಮಾಡಿ ಷೇರು ಕೊಂಡವರು ಬೆಲೆ ಇಳಿದಾಗ ಮಾರಲೇಬೇಕಾಯಿತು. ಅವರ ಮಾರಾಟವೇ ಬೆಲೆಯನ್ನು ಮತ್ತಷ್ಟು ಇಳಿಸಿತು. ಎಲ್ಲರಿಗೂ ಬೇಕಾಗಿದ್ದುದು ನಗದು, ಅದರಲ್ಲೂ ಡಾಲರ್. ಆ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ಭಾರತದ ಷೇರುಪೇಟೆಯಿಂದ ಸುಮಾರು 62 ಸಾವಿರ ಕೋಟಿ ರೂಪಾಯಿ ಹಿಂತೆಗೆದರು. ರೋಗದ ಪ್ರಕರಣಗಳು ಇನ್ನೂ ಕೆಲವೇ ನೂರು ಇದ್ದಾಗ ನಮ್ಮ ಪೇಟೆ ನಡುಗಿದ್ದರ ಗುಟ್ಟು ಇಲ್ಲಿದೆ.

ಚೇತರಿಕೆಯಲ್ಲೂ ದೇಶಗಳ ನಡುವಿನ ಅಂತರ ಎದ್ದು ಕಂಡಿತು. ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕಿಳಿಸಿ, ಮಾರ್ಚ್ 23ರಂದು ಅಗತ್ಯವಿರುವಷ್ಟು ಸಾಲಪತ್ರಗಳನ್ನು ಖರೀದಿಸುವುದಾಗಿ ಸಾರಿತು. ದಕ್ಷಿಣ ಕೊರಿಯಾ, ಬ್ರೆಜಿಲ್, ಮೆಕ್ಸಿಕೊ ಮುಂತಾದ ಆಯ್ದ ದೇಶಗಳ ಕೇಂದ್ರೀಯ ಬ್ಯಾಂಕುಗಳಿಗೆ ಡಾಲರ್ ಎರವಲು ಸಿಕ್ಕಿತು. ಆ ಪಟ್ಟಿಯಲ್ಲಿ ಭಾರತವಿರಲಿಲ್ಲ. ಡಾಲರನ್ನು ತಾನೇ ಮುದ್ರಿಸಬಲ್ಲ ದೇಶಕ್ಕೂ ಸಾಲ ತಂದು ಬದುಕುವ ದೇಶಕ್ಕೂ ಬಿರುಗಾಳಿ ಒಂದೇ ಆದರೂ ಆಸರೆ ಒಂದೇ ಅಲ್ಲ.

ಆಗಸ್ಟ್ 18ರ ಹೊತ್ತಿಗೆ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಹಳೆಯ ದಾಖಲೆಯನ್ನು ಮುರಿದಿತ್ತು. ಆಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕೋವಿಡ್‌ಗೆ ಬಲಿಯಾಗಿದ್ದರು. ಲಾಕ್‌ಡೌನ್‌ನಲ್ಲಿ ಕೂಲಿ ಕಳೆದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದವರ ದೇಶದಲ್ಲಿ 2021ರ ಜನವರಿಯಲ್ಲಿ ಸೆನ್ಸೆಕ್ಸ್ 50 ಸಾವಿರ ದಾಟಿತು.

ಸೂಚ್ಯಂಕ ಅಳೆಯುವುದು ದೊಡ್ಡ ಕಂಪೆನಿಗಳ ನಾಳಿನ ಲಾಭದ ನಿರೀಕ್ಷೆಯನ್ನು. 1918ರಲ್ಲೂ ಅದು ಸಾವುಗಳನ್ನು ಎಣಿಸಲಿಲ್ಲ, 2020ರಲ್ಲೂ ಎಣಿಸಲಿಲ್ಲ. ಪೇಟೆ ಸ್ಥಿರವಾಯಿತು ಎಂಬ ಸುದ್ದಿ ಓದುವಾಗ, ಯಾರ ಬದುಕು ಸ್ಥಿರವಾಯಿತು ಎಂದು ಕೇಳಬೇಕಾದವರು ನಾವೇ.